ಸಾಹೇಬರು ಹೊಟ್ಟೆ ತುಂಬ ಉಂಡದ್ದು

ಆ ಮನೆಯ ಮಹಡಿಯಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದರು. ಒಬ್ಬಳು ಪಶುವೈದ್ಯಕೀಯ ಓದುತ್ತಿದ್ದಳು, ಇನ್ನೊಬ್ಬಳು ಕಾನೂನು, ಮತ್ತೊಬ್ಬಳು ಗಣಿತ. ಕೆಳಮನೆಯಲ್ಲಿದ್ದ ಯಜಮಾನಿ ಅಜ್ಜಿ ಅವರನ್ನು ಡಾಕ್ಟ್ರು, ಲಾಯರು, ಲೆಕ್ಕ ಅಂತಲೇ ಕರೆಯುತ್ತಿದ್ದರು. ಅವರೂ ಬೆನ್ನ ಹಿಂದೆ ಅಜ್ಜಿಗೆ ಒಂದು ಹೆಸರಿಟ್ಟಿದ್ದರು: ಟಿಕೆಟ್ ಅಜ್ಜಿ. ಕೆಲಸದಲ್ಲಿದ್ದಷ್ಟು ಕಾಲ ಅಜ್ಜಿ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ, ಮೆಟ್ಟಿಲ ಮೇಲೆ ಹೊಸಬರ ಹೆಜ್ಜೆ ಸಪ್ಪಳ ಕೇಳಿದರೆ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು, ಬಂದವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಎಂಥವರಿಗೂ ಆಗ ಜೇಬು ಮುಟ್ಟಿಕೊಳ್ಳಬೇಕು ಅನಿಸುತ್ತಿತ್ತು.

ಮೂವರೂ ಓದುತ್ತಿದ್ದುದು ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ನಿರ್ವಹಣಾ ಭತ್ಯೆಯ ಮೇಲೆ. ತಿಂಗಳ ಮೊದಲಲ್ಲಿ ಅದು ಬ್ಯಾಂಕಿಗೆ ಬಂದು ಬೀಳುತ್ತಿತ್ತು. ಬಾಡಿಗೆ, ಬಸ್ ಪಾಸು, ಗ್ಯಾಸು, ಅಕ್ಕಿ, ಬೇಳೆ, ಸೋಪು ಎಲ್ಲ ಅದರಲ್ಲೇ ಆಗಬೇಕು. ಎಷ್ಟು ಕೊಡಬೇಕು ಅನ್ನುವುದನ್ನು ಯಾವುದೋ ಕಾಲದಲ್ಲಿ ಯಾರೋ ಗೊತ್ತುಮಾಡಿ ಬಿಟ್ಟಿದ್ದರು. ಆಮೇಲೆ ಅದರ ತಂಟೆಗೆ ಯಾರೂ ಹೋಗಿರಲಿಲ್ಲ. ಅಂಗಡಿಯ ಬೆಲೆಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ತಮ್ಮ ಪಾಡಿಗೆ ತಾವು ಏರುತ್ತಿದ್ದವು.

ಮಹಡಿಮನೆಯವರು ಇದನ್ನು ಎಲೆಕೋಸಿನಿಂದ ಅಳೆಯುತ್ತಿದ್ದರು. ಕೈ ಬರಿದಾದಾಗ, ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋದರೆ, ತರಕಾರಿಯವಳು ಮೇಲಿನ ಎಲೆ ಬಾಡಿದ ಕೋಸುಗಳನ್ನು ಬಂದಷ್ಟಕ್ಕೆ ಕೊಟ್ಟುಬಿಡುತ್ತಿದ್ದಳು. ಅದನ್ನು ಬೇಯಿಸುವುದು, ಹುರಿಯುವುದು, ಹಿಟ್ಟಿಗೆ ಕಲಸಿ ತಟ್ಟುವುದು, ಬೇಸರವಾದರೆ ಹಸಿಯಾಗಿಯೇ ಉಪ್ಪು ಹಚ್ಚಿಕೊಂಡು ತಿನ್ನುವುದು. ಮೊದಲನೇ ವರ್ಷ ಕೋಸಿನ ಕಾಲ ತಿಂಗಳ ತೀರಾ ಕೊನೆಗೆ ಬರುತ್ತಿತ್ತು. ಎರಡನೇ ವರ್ಷ ಇನ್ನಷ್ಟು ಮುಂಚೆ ಬಂತು. ಈಗ ಮೂರನೇ ವರ್ಷಕ್ಕೆ ತಿಂಗಳ ನಡುಮನೆಗೇ ಬಂದು ಕಾಲು ಚಾಚಿ ಕೂತಿತ್ತು.

"ಹೀಗೇ ಹೋದ್ರೆ ಭತ್ಯೆಗಿಂತ ಮುಂಚೆ ಕೋಸೇ ಬರುತ್ತೆ" ಎಂದಿದ್ದಳು ಲೆಕ್ಕ. ಅವಳು ಮಾತಾಡುವುದು ಕಡಿಮೆ, ತಿನ್ನುವುದು ಜಾಸ್ತಿ. ಮನೆಖರ್ಚಿನ ಲೆಕ್ಕ ನೋಡಿಕೋ ಅಂದರೆ, "ನಾನು ಓದೋ ಗಣಿತದಲ್ಲಿ ಅಂಕಿಗಳೇ ಇರಲ್ಲ ಕಣೇ, ನಂಗೆ ಕೂಡೋದು ಮರೆತೇ ಹೋಗಿದೆ" ಎಂದು ಜಾರಿಕೊಳ್ಳುತ್ತಿದ್ದಳು. ಹಾಗಾಗಿ ಆ ಕೆಲಸ ಡಾಕ್ಟ್ರ ಪಾಲಿಗೆ ಬಂದಿತ್ತು.

ಹಾಗಂತ ಅದು ಗೋಳಿನ ಮನೆಯೇನೂ ಆಗಿರಲಿಲ್ಲ. ಒಲೆಯ ಎರಡು ಬರ್ನರ್‌ಗಳಲ್ಲಿ ಒಂದು ಸತ್ತಿತ್ತು, ಕಿಟಕಿಯ ಒಡೆದ ಗಾಜಿಗೆ ರಟ್ಟು ಅಂಟಿಸಿತ್ತು, ಮಳೆ ಬಂದರೆ ನಡುಕೋಣೆಯಲ್ಲಿ ಬಕೆಟ್ ಇಡಬೇಕಿತ್ತು. ಆದರೆ ಮೂವರೂ ಒಂದೇ ಮಂಚದ ಮೇಲೆ ಕಾಲು ಮಡಚಿ ಕೂತು ನಕ್ಕರೆ ಕೆಳಗೆ ಅಜ್ಜಿಯ ರೇಡಿಯೋ ಕೇಳಿಸುತ್ತಿರಲಿಲ್ಲ. ಲಾಯರು ಪ್ರೊಫೆಸರುಗಳ ಅಣಕ ಮಾಡುತ್ತಿದ್ದಳು. ಡಾಕ್ಟ್ರು ದಿನವಿಡೀ ಪಶು ಆಸ್ಪತ್ರೆಯಲ್ಲಿದ್ದು, ಬಟ್ಟೆಗೆಲ್ಲ ಸಗಣಿ, ಫಿನಾಯಿಲ್ ವಾಸನೆ ಹತ್ತಿಸಿಕೊಂಡು ಬಂದು, ಅವತ್ತು ಒದೆ ತಿಂದ ಕಥೆ ಹೇಳುತ್ತಿದ್ದಳು. ಅವಳಿಗೆ ತನ್ನ ಓದು ಅಂದರೆ ಪ್ರಾಣ. ಹೊಟ್ಟೆ ಉಬ್ಬರಿಸಿ ನರಳುತ್ತಿದ್ದ ಹಸು ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿದ್ದನ್ನು ಕಂಡ ದಿನ ಅವಳಿಗೆ ಬೇರೇನೂ ಬೇಕಿರಲಿಲ್ಲ.

ಆದರೆ ಉಳಿದಿಬ್ಬರು ಆಗೀಗ ಮಕ್ಕಳಿಗೆ ಪಾಠ ಹೇಳಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಡಾಕ್ಟ್ರಿಗೆ ಅದಕ್ಕೂ ಬಿಡುವಿರಲಿಲ್ಲ. ಅಪ್ಪನಿಲ್ಲದ ಮನೆ ಅವಳದು. ಅಮ್ಮ ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದಲ್ಲಿದ್ದರು. ದಿನಾ ಸಂಜೆ ಫೋನ್ ಮಾಡುತ್ತಿದ್ದರು.

"ಊಟ ಆಯ್ತಾ?"

"ಆಯ್ತಮ್ಮ."

"ಏನಡುಗೆ?"

ಡಾಕ್ಟ್ರು ಏನಾದರೊಂದು ಹೇಳುತ್ತಿದ್ದಳು. ಒಮ್ಮೆ ಮೀನು ಅಂದಳು, ಒಮ್ಮೆ ಮೊಟ್ಟೆ ಅಂದಳು. ಲೆಕ್ಕ ಪಕ್ಕದಲ್ಲೇ ಕೋಸು ಅಗಿಯುತ್ತಾ, "ನಂಗೂ ಎರಡು ತುಂಡು ಮೀನು ಹಾಕೇ" ಎಂದು ಪಿಸುಗುಟ್ಟಿ ನಗಿಸುತ್ತಿದ್ದಳು.

ಹೀಗಿರುವಾಗ ಸರ್ಕಾರ ಭತ್ಯೆಯ ಬಗ್ಗೆ ವಿಚಾರ ಮಾಡಲು ಒಂದು ಸಮಿತಿ ಮಾಡಿತು. ಭತ್ಯೆ ಇದ್ದ ಹಾಗೇ ಇರಬೇಕೋ, ಬೆಲೆ ಏರಿದಂತೆ ಅದೂ ವರ್ಷ ವರ್ಷ ಏರಬೇಕೋ ಅನ್ನುವುದು ಸಮಿತಿಯ ಮುಂದಿದ್ದ ಪ್ರಶ್ನೆ. ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಅದರ ಅಧ್ಯಕ್ಷರು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದ ಲಾಯರು ಅವರಿಗೆ ಬರೆದಳು: ಕಚೇರಿಯಲ್ಲಿ ಕೂತು ಅಂಕಿಅಂಶ ನೋಡುವ ಬದಲು ಒಂದು ದಿನ ನಮ್ಮ ಮನೆಗೆ ಬಂದು ನಮ್ಮ ಜೊತೆ ಊಟ ಮಾಡಿ. ಬರೆದಳೇ ಹೊರತು, ಬರುತ್ತಾರೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ವಾರ ಕಳೆಯುವುದರೊಳಗೆ ಫೋನ್ ಬಂತು. ಭಾನುವಾರ ಮಧ್ಯಾಹ್ನ ಸಾಹೇಬರು ಬರುತ್ತಾರಂತೆ.

"ಸರಿಯಾಗಿ ಸಿಕ್ಕಿದ್ರು" ಎಂದು ಲಾಯರು ಅಂಗೈ ಉಜ್ಜಿಕೊಂಡಳು. "ಕೋಸೇ ಮಾಡೋಣ. ಬಕೆಟ್ ಅಲ್ಲೇ ಇರ್ಲಿ, ರಟ್ಟೂ ಇರ್ಲಿ. ಯಾರೂ ಏನೂ ಮುಟ್ಟಬೇಡಿ. ಕಣ್ಣಾರೆ ನೋಡಿಕೊಂಡು ಹೋಗ್ಲಿ."

ಆದರೆ ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. ಅವರು ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಬಂದರು.

"ನನ್ನ ಮನೆಗೆ ಊಟಕ್ಕೆ ಅಂತ ಕರೆದು ಬಾಡಿದ ಕೋಸು ಬಡಿಸ್ತೀರಾ?"

"ಅಜ್ಜಿ, ನಾವು ತಿನ್ನೋದೇ ಅದು. ಅದನ್ನ ತೋರಿಸೋಕೇ ಕರೆದಿರೋದು."

"ನೀವು ತಿನ್ನೋದು ನಿಮ್ಮ ಕರ್ಮ. ಬಂದವರಿಗೆ ಬಡಿಸೋದು ನನ್ನ ಮರ್ಯಾದೆ ಪ್ರಶ್ನೆ. ನಾಳೆ ಅವರು ಹೋಗಿ ಇಂಥ ಬೀದಿಯ ಇಂಥ ಮನೇಲಿ ಅರೆಹೊಟ್ಟೆಯಲ್ಲಿ ಎದ್ದು ಬಂದೆ ಅಂದ್ರೆ ನಾನು ಹೊರಗೆ ತಲೆ ಎತ್ತಿ ಓಡಾಡೋದು ಬೇಡವಾ?"

ಲಾಯರು ವಾದ ಮಾಡಿದಳು. ಕೋರ್ಟಿನಲ್ಲಿ ನಡೆಯಬಹುದಾಗಿದ್ದ ವಾದ ಅಜ್ಜಿಯ ಮುಂದೆ ನಡೆಯಲಿಲ್ಲ. ಟಿಕೆಟ್ ಇಲ್ಲದವರ ಸಾವಿರ ಸಬೂಬು ಕೇಳಿದ್ದ ಕಿವಿ ಅದು. ಕೊನೆಗೆ ಲಾಯರು ಬೆಂಬಲಕ್ಕೆ ಡಾಕ್ಟ್ರ ಕಡೆ ತಿರುಗಿದಳು. ಡಾಕ್ಟ್ರು ಗೋಡೆಗೊರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದಳು.

"ಅಜ್ಜಿ ಹೇಳೋದೂ ಸರಿ ಅನ್ಸುತ್ತೆ ಕಣೇ" ಎಂದಳು ಮೆಲ್ಲಗೆ. "ಒಂದು ಹೊತ್ತಿನ ಮಾತು. ಕರೆದು ಅವಮಾನ ಮಾಡಿದ ಹಾಗೆ ಆಗಬಾರದಲ್ಲ."

ಅವಮಾನ ಯಾರಿಗೆ ಅನ್ನುವುದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಅಪರಿಚಿತರೊಬ್ಬರು ಬಂದು ತನ್ನ ತಟ್ಟೆಯನ್ನು ಬಗ್ಗಿ ನೋಡುತ್ತಾರೆ ಅನ್ನುವುದೇ ಅವಳ ಮೈಯನ್ನು ಹಿಡಿಯಾಗಿಸುತ್ತಿತ್ತು.

ಸರಿ, ಆಮೇಲೆ ಕೇಳುವುದೇ ಬೇಡ. ಅಜ್ಜಿ ತಮ್ಮ ಪಿಂಚಣಿ ದುಡ್ಡಿನಲ್ಲಿ ಒಂದು ಕೊಬ್ಬಿದ ಕೋಳಿ ತಂದರು. ಡಾಕ್ಟ್ರು ಹಿಂದೊಮ್ಮೆ ಕೋಳಿಫಾರಂ ಒಂದರಲ್ಲಿ ರೋಗ ಬಿದ್ದಾಗ ಹಗಲೆಲ್ಲ ನಿಂತು ಲಸಿಕೆ ಹಾಕಿದ್ದಳು. ಆ ಫಾರಂನವನಿಗೆ ಒಂದು ಮಾತು ಹೇಳಿದ್ದೇ ತಡ, ಬುಟ್ಟಿ ತುಂಬ ಮೊಟ್ಟೆ ಬಂತು. ಪಕ್ಕದ ಟೈಲರ್ ನಾಲ್ಕು ಕುರ್ಚಿ, ಮೇಜಿಗೆ ಹಾಸಲು ಹೂವಿನ ಬಟ್ಟೆ ಕೊಟ್ಟ. ಅಜ್ಜಿಯ ಬೀರುವಿನಿಂದ ಮದುವೆಗೆ ಬಂದಿದ್ದ ಪಿಂಗಾಣಿ ತಟ್ಟೆಗಳು ಇಳಿದುಬಂದವು. ಡಾಕ್ಟ್ರು ತಾನೇ ಬಕೆಟ್ ಒಯ್ದು ಬಚ್ಚಲಿನಲ್ಲಿಟ್ಟಳು. ಕಿಟಕಿಯ ರಟ್ಟಿಗೆ ಅಡ್ಡವಾಗಿ ಅಜ್ಜಿಯ ಪರದೆ ಇಳಿಬಿಟ್ಟಳು. ಲಾಯರು ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಾ, "ನಮ್ಮ ಕೇಸಿಗೆ ನಾವೇ ಗುಂಡಿ ತೋಡ್ತಾ ಇದ್ದೀವಿ" ಎಂದು ಗೊಣಗಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗೆ ಬಂದರು. ದಪ್ಪ ಕನ್ನಡಕದ, ದುಂಡುಮುಖದ ಮನುಷ್ಯ. ಮೆಟ್ಟಿಲ ಬಳಿ ಅಜ್ಜಿ ನಿಂತಿದ್ದ ಭಂಗಿ ನೋಡಿ ಅವರ ಕೈಯೂ ತಾನಾಗಿ ಜೇಬಿಗೆ ಹೋಯಿತು. ಒಳಗೆ ಬಂದು ಕೂತರು. ಮೆಣಸು ಹಾಕಿ ಹುರಿದ ಕೋಳಿ, ಬಿಸಿ ಅನ್ನ, ಬೆಣ್ಣೆ ಹಾಕಿದ ಸೊಪ್ಪು, ಬೇಯಿಸಿದ ಮೊಟ್ಟೆ, ಕೊನೆಗೆ ಹಣ್ಣು ಹಾಕಿದ ಕೇಕು. ಬೇಡ ಬೇಡ ಅನ್ನುತ್ತಲೇ ಎಲ್ಲವನ್ನೂ ಎರಡನೇ ಸಲ ಹಾಕಿಸಿಕೊಂಡರು. ಮನೆಯಲ್ಲಿ ಹೆಂಡತಿ ಎಣ್ಣೆ, ಸಿಹಿ ಎಲ್ಲ ಬಂದ್ ಮಾಡಿದ್ದಾಳೆ ಎಂದು ಹೇಳಿ ನಕ್ಕರು. ಡಾಕ್ಟ್ರು ತನ್ನನ್ನು ಒದ್ದ ಕತ್ತೆಯ ಕಥೆ ಹೇಳಿದಾಗ ಕೆಮ್ಮು ಬರುವಷ್ಟು ನಕ್ಕರು. ಮೂವರು ಹುಡುಗಿಯರೂ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ಲೆಕ್ಕ ಅಂತೂ ತಲೆ ಎತ್ತಲೇ ಇಲ್ಲ.

ಹೊರಡುವಾಗ ಸಾಹೇಬರು ಚಪ್ಪಲಿ ಮೆಟ್ಟಿಕೊಂಡು, ಮನಸ್ಸು ತುಂಬಿ ಹೇಳಿದರು: "ನಿಜ ಹೇಳ್ತೀನಮ್ಮ, ನಾನು ಏನೇನೋ ಕಲ್ಪನೆ ಮಾಡಿಕೊಂಡು ಬಂದಿದ್ದೆ. ನೀವು ಎಷ್ಟು ಅಚ್ಚುಕಟ್ಟಾಗಿ ಸಂಸಾರ ತೂಗಿಸ್ತಾ ಇದ್ದೀರಿ. ಇರೋದರಲ್ಲೇ ಇಷ್ಟು ಚೆನ್ನಾಗಿ ಬದುಕಬಹುದು ಅನ್ನೋದನ್ನ ಎಲ್ಲ ವಿದ್ಯಾರ್ಥಿಗಳಿಗೂ ಹೇಳಬೇಕು."

ಅವರ ಕಾರು ತಿರುವಿನಲ್ಲಿ ಮರೆಯಾಯಿತು. ಆಮೇಲೆ ಲಾಯರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಪಿಂಗಾಣಿ ಅನ್ನುವುದನ್ನೂ ಮರೆತು ಜೋರಾಗಿಯೇ ಜೋಡಿಸಿದಳು.

ಸಮಿತಿಯ ಕೊನೆಯ ಬಹಿರಂಗ ಸಭೆಗೆ ಇನ್ನೂ ಕೆಲವು ದಿನಗಳಿದ್ದವು. ಅಷ್ಟರಲ್ಲೇ ಪತ್ರಿಕೆಯೊಂದರಲ್ಲಿ ಸಾಹೇಬರ ಮಾತು ಬಂತು. ಭತ್ಯೆಯಲ್ಲಿ ಅಂಥ ಕೊರತೆಯೇನೂ ಕಾಣುವುದಿಲ್ಲ, ಜಾಣತನದಿಂದ ಖರ್ಚು ಮಾಡುವವರು ಸುಖವಾಗಿಯೇ ಇದ್ದಾರೆ, ನಾನೇ ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಓದಿದ ಲಾಯರು ಪತ್ರಿಕೆಯನ್ನು ಮಡಚಿ ಡಾಕ್ಟ್ರ ಮಡಿಲಿಗೆ ಹಾಕಿ ಹೊರಗೆ ಹೋದಳು. ಒಂದು ಮಾತು ಬೈದಿದ್ದರೆ ಡಾಕ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಅವಳು ಆಡೊಂದರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಕಟ್ಟುತ್ತಲೇ ಒಂದು ತೀರ್ಮಾನಕ್ಕೆ ಬಂದಳು. ಸಂಜೆ ಮನೆಗೆ ಬಂದವಳೇ ಲಾಯರ ಮುಂದೆ ನಿಂತು, "ಸಭೆಯಲ್ಲಿ ನಾನು ಮಾತಾಡ್ತೀನಿ" ಎಂದಳು.

"ನೀನಾ?"

"ಪರದೆ ಕಟ್ಟಿದ್ದು ನಾನು ತಾನೆ. ನಾನೇ ಬಿಚ್ತೀನಿ."

ಲಾಯರು ಓದುತ್ತಿದ್ದ ಪುಸ್ತಕ ಮುಚ್ಚಿದಳು. "ಪೇಪರಿನವರು ಬರ್ತಾರೆ ಕಣೇ. ಬರೀತಾರೆ. ನಿಮ್ಮಮ್ಮನಿಗೆ ಗೊತ್ತಾಗುತ್ತೆ."

"ಗೊತ್ತು."

ಅವತ್ತು ಅಮ್ಮನ ಫೋನ್ ಬಂದಾಗ, ಏನಡುಗೆ ಅಂದರೆ, "ಇನ್ನೂ ಮಾಡಿಲ್ಲಮ್ಮ" ಅಂದುಬಿಟ್ಟಳು. ಅಷ್ಟು ದಿನಗಳಲ್ಲಿ ಮೊದಲ ಸಲ ನಿಜ ಹೇಳಿದ್ದಳು.

ಸಭೆ ಇಲಾಖೆಯ ದೊಡ್ಡ ಹಾಲಿನಲ್ಲಿ ನಡೆಯಿತು. ಫ್ಯಾನುಗಳು ಕಿರ್ರೆನ್ನುತ್ತಿದ್ದವು. ಎದುರಿನ ಉದ್ದ ಮೇಜಿನ ಹಿಂದೆ ಸಾಹೇಬರು, ಅವರ ಆಚೀಚೆ ಇಬ್ಬರು ಸದಸ್ಯರು. ಡಾಕ್ಟ್ರನ್ನು ಕಂಡ ಕೂಡಲೇ ಸಾಹೇಬರ ಮುಖ ಅರಳಿತು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಬಹುಶಃ ಕತ್ತೆಯ ಕಥೆಯೇ ಇರಬೇಕು.

ಡಾಕ್ಟ್ರು ಮೈಕಿನ ಮುಂದೆ ನಿಂತಳು.

"ಸರ್, ಅವತ್ತು ನಮ್ಮ ಮನೇಲಿ ನೀವು ಉಂಡಿದ್ದು ನಮ್ಮ ಊಟ ಅಲ್ಲ. ಕೋಳಿ ನಮ್ಮ ಮನೆ ಅಜ್ಜಿ ತಂದಿದ್ದು. ಮೊಟ್ಟೆ ಫಾರಂನವರು ಕೊಟ್ಟಿದ್ದು. ಕುರ್ಚಿ, ಮೇಜಿನ ಬಟ್ಟೆ ಪಕ್ಕದ ಟೈಲರದ್ದು. ಕಿಟಕಿ ಗಾಜು ಒಡೆದಿದೆ. ನಿಮಗೆ ಕಾಣಬಾರದು ಅಂತ ನಾನೇ ಪರದೆ ಹಾಕಿದ್ದೆ."

ಹಾಲಿನಲ್ಲಿ ಒಂದಷ್ಟು ಜನ ನಕ್ಕರು. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕಮ್ಮ ಹಾಗೆ ಮಾಡಿದ್ರಿ?"

"ನಾಚಿಕೆ ಆಯ್ತು ಸರ್. ಕಷ್ಟ ಇದೆ ಅಂತ ಬರೆದು ಕಳಿಸೋದು ಸುಲಭ. ಬಂದವರಿಗೆ ಅದನ್ನೇ ತಟ್ಟೆಗೆ ಹಾಕಿ ಕೊಡೋದು ಕಷ್ಟ."

ಸಾಹೇಬರು ಕೇಳಿದರು: "ಹಾಗಾದ್ರೆ ನೀವು ದಿನಾ ಏನು ತಿಂತೀರಿ?"

"ತಿಂಗಳ ಮೊದಲಲ್ಲಿ ಅನ್ನ, ಬೇಳೆ. ಆಮೇಲೆ ಅನ್ನ, ಎಲೆಕೋಸು. ಮೊದಲನೇ ವರ್ಷ ಈ ಆಮೇಲೆ ಅನ್ನೋದು ತಡವಾಗಿ ಬರ್ತಿತ್ತು ಸರ್. ಈಗ ಬೇಗ ಬರುತ್ತೆ. ನಮಗೆ ಗೊತ್ತಿರೋದು ಅಷ್ಟೆ."

ಆಗ ಹಿಂದಿನ ಸಾಲಿನಿಂದ ಒಂದು ಕುರ್ಚಿ ಸರಿದ ಸದ್ದು. ಯಾರೂ ಕರೆಯದೆ ಟಿಕೆಟ್ ಅಜ್ಜಿ ಎದ್ದು ನಿಂತಿದ್ದರು. ಮೈಕು ಬೇಕಾಗಿರಲಿಲ್ಲ. ಓಡುವ ರೈಲಿನಲ್ಲಿ ಬೋಗಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಗಂಟಲು.

"ತಪ್ಪು ಈ ಹುಡುಗಿಯದಲ್ಲ ಸಾಹೇಬ್ರೆ, ಕೋಳಿ ತಂದವಳು ನಾನು. ಎಲ್ಲಿಂದ ತಂದೆ ಅಂದ್ರೆ ನನ್ನ ಪಿಂಚಣಿಯಿಂದ. ಬೆಲೆ ಏರಿದ ಹಾಗೆ ನನ್ನ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತೆ. ನಿಮ್ಮ ಸಂಬಳಕ್ಕೂ ಸೇರುತ್ತೆ. ಮುದುಕಿ ನನಗೇ ಕೋಳಿ ತಿನ್ನೋ ಹಾಗೆ ಮಾಡಿದ್ದೀರಿ, ಬೆಳೆಯೋ ಹುಡುಗೀರಿಗೆ ಯಾಕೆ ಮಾಡಿಲ್ಲ? ಇದನ್ನ ಕೇಳೋಣ ಅಂತ ಬಂದೆ."

ಕೇಳಿ, ಸೆರಗು ಸರಿಮಾಡಿಕೊಂಡು ಕೂತರು. ಸದಸ್ಯರೊಬ್ಬರು, ನೀವು ಹೆಸರು ನೋಂದಾಯಿಸಿಲ್ಲ ಅಂತ ಶುರುಮಾಡಿದರು. ಸಾಹೇಬರು ಕೈಯೆತ್ತಿ ಅವರನ್ನು ತಡೆದರು.

"ಇವತ್ತು ಮನೇಲಿ ಏನು ಮಾಡಿದ್ದೀರಿ?" ಎಂದು ಡಾಕ್ಟ್ರನ್ನು ಕೇಳಿದರು.

"ಕೋಸೇ ಸರ್."

"ಸಭೆ ಮುಗಿದ ಮೇಲೆ ಬರ್ತೀನಿ. ಏನೂ ಸೇರಿಸಬೇಡಿ."

ಅಂದ ಹಾಗೆಯೇ ಬಂದರು. ಈ ಸಲ ಕುರ್ಚಿಯಿಲ್ಲ, ಮಂಚದ ಅಂಚಿನಲ್ಲಿ ಕೂತರು. ಸ್ಟೀಲ್ ತಟ್ಟೆಯಲ್ಲಿ ಅನ್ನ, ಬೇಯಿಸಿದ ಕೋಸು, ಉಪ್ಪು. ಅಜ್ಜಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಮೇಲೆ ಬಂದಿದ್ದರು. ಲಾಯರು ಬಾಗಿಲಲ್ಲೇ ಅವರ ಕೈಯಿಂದ ಅದನ್ನು ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಸಾಹೇಬರು ತಟ್ಟೆ ಖಾಲಿ ಮಾಡಿದರು. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಅವರಾಗಿಯೇ ಮಾತು ಶುರುಮಾಡಿದರು.

"ನಾನೂ ಇದೇ ಭತ್ಯೆಯಲ್ಲಿ ಓದಿದವನು. ಮೊತ್ತ ಆಗ ಎಷ್ಟಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಇದೆ. ನಾವು ಭಾನುವಾರ ಭಾನುವಾರ ಮಾಂಸ ತಿಂತಿದ್ವಿ. ತಿಂಗಳಿಗೊಂದು ಸಿನಿಮಾ. ಮನೆಗೆ ಹೋಗುವಾಗ ತಂಗಿಗೆ ಏನಾದರೂ ತಗೊಂಡು ಹೋಗ್ತಿದ್ದೆ. ಹಾಗಾಗಿ ಅವತ್ತು ನಿಮ್ಮ ಮನೆಯ ಕೋಳಿ ನೋಡಿದಾಗ ನನಗೆ ಅನುಮಾನವೇ ಬರಲಿಲ್ಲ. ಅದೇ ದುಡ್ಡು, ಅದೇ ಊಟ ಅಂದುಕೊಂಡೆ."

"ದುಡ್ಡು ಅದೇ ಸರ್. ಆದರೆ ಅದಕ್ಕೆ ಬರೋದು ಬೇರೆ" ಎಂದಳು ಲೆಕ್ಕ. ಅವಳು ಮಾತಾಡಿದ್ದು ನೋಡಿ ಗೆಳತಿಯರಿಗೇ ಆಶ್ಚರ್ಯ. "ಅಳತೆಗೋಲು ಪ್ರತಿ ವರ್ಷ ಒಂಚೂರು ಸವೆದು ಗಿಡ್ಡ ಆಗ್ತಾ ಬಂದ್ರೆ, ಬಟ್ಟೆ ಅಷ್ಟೇ ಮೊಳ ಇದೆ ಅಂತಲೇ ಕಾಣುತ್ತೆ. ಹೊಲಿಸಿ ಹಾಕ್ಕೊಂಡಾಗ ಗೊತ್ತಾಗುತ್ತೆ, ಮೈಗೆ ಸಾಲಲ್ಲ ಅಂತ. ಭತ್ಯೆ ಜಾಸ್ತಿ ಮಾಡಿ ಅಂತ ನಾವು ಕೇಳ್ತಾ ಇಲ್ಲ ಸರ್. ಅಳತೆ ಸವೆಯದ ಹಾಗೆ ನೋಡಿಕೊಳ್ಳಿ ಅಂತಿದ್ದೀವಿ. ಅಂಗಡಿ ಬೆಲೆ ಎಷ್ಟು ಏರಿತು ಅಂತ ಸರ್ಕಾರವೇ ತಿಂಗಳು ತಿಂಗಳು ಲೆಕ್ಕ ಹಾಕುತ್ತೆ. ಅಜ್ಜಿ ಪಿಂಚಣಿಗೆ ಅದನ್ನೇ ಬಳಸ್ತಾರೆ. ಅದೇ ಲೆಕ್ಕ ನಮಗೂ ಸಾಕು."

"ಬೆಲೆ ಇಳಿದ್ರೆ?"

"ಇಳಿದ್ರೆ ನಮ್ಮದೂ ಇಳೀಲಿ ಸರ್."

"ಇಳಿಯುತ್ತೆ, ಇಳಿಯುತ್ತೆ" ಎಂದರು ಅಜ್ಜಿ. "ನಾನು ಹುಟ್ಟಿದಾಗಿನಿಂದ ಕಾಯ್ತಾ ಇದ್ದೀನಿ."

ಸಾಹೇಬರು ಮೊದಲ ಸಲದ ಹಾಗೆಯೇ ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಎದ್ದು, ತಾವೇ ತಟ್ಟೆ ತೊಳೆಯಲು ಹೋದರು. ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ ಅದು. ತಟ್ಟೆಯನ್ನು ಅಲ್ಲೇ ಇಟ್ಟು ಬಂದರು. ಭರವಸೆ ಏನೂ ಕೊಡಲಿಲ್ಲ. "ಬರೆಯೋದು ನನ್ನ ಕೈಯಲ್ಲಿದೆ, ಒಪ್ಪೋದು ಬೇರೆಯವರ ಕೈಯಲ್ಲಿದೆ" ಎಂದಷ್ಟೇ ಹೇಳಿ ಹೋದರು.

ಸಭೆಯ ಸುದ್ದಿ ಮಾರನೇ ದಿನವೇ ಪತ್ರಿಕೆಗಳಲ್ಲಿ ಬಂತು. ಅವತ್ತು ಸಂಜೆ ಅಮ್ಮನ ಫೋನ್ ಬರಲಿಲ್ಲ. ಡಾಕ್ಟ್ರು ಮಾಡಿದರೂ ಎತ್ತಲಿಲ್ಲ. ಆಮೇಲಿನ ದಿನ ಅವಳು ಆಸ್ಪತ್ರೆಯಿಂದ ಬಂದಾಗ ಅಮ್ಮ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಚೀಲ. ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು ಮಡಿಲಲ್ಲಿದ್ದವು. ಉಳಿದಿಬ್ಬರೂ ಏನೋ ನೆಪ ಹೇಳಿ ಕೆಳಗಿಳಿದು ಹೋದರು.

"ಮೀನು ತಿಂದೆ ಅಂದೆ" ಎಂದರು ಅಮ್ಮ.

ಡಾಕ್ಟ್ರು ಬ್ಯಾಗು ಕೆಳಗಿಟ್ಟಳು.

"ನಮ್ಮ ವಾರ್ಡಿನ ನರ್ಸಮ್ಮ ಓದಿ ಹೇಳಿದ್ರು. ನಿನ್ನ ಮಗಳೇನೇ ಅಂದ್ರು. ಅವಳಾಗಿರಲ್ಲ ಬಿಡಿ, ನನ್ನ ಮಗಳು ಚೆನ್ನಾಗಿ ತಿಂದುಂಡು ಇದ್ದಾಳೆ ಅಂದೆ. ಆಮೇಲೆ ಫೋಟೋ ತೋರಿಸಿದ್ರು." ಮಗಳ ಕಡೆ ತಿರುಗಿ ಕೇಳಿದರು: "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನಿನ್ನ ಊಟ ಬಿಟ್ಟು ನನಗೆ ಕಳಿಸ್ತಿದ್ದೆ."

ಅಮ್ಮ ಕೈ ಹಿಡಿದೆಳೆದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಲೆಗೂದಲಿನಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿ ತೆಗೆದರು. ಇನ್ನೊಂದು ಸಿಕ್ಕಿತು, ಅದನ್ನೂ ತೆಗೆದರು.

"ಆಯ್ತು. ಇನ್ಮೇಲೆ ಇಬ್ಬರೂ ನಿಜ ಹೇಳೋಣ" ಎಂದರು. "ಹೋದ ವರ್ಷ ಕಣ್ಣಿನ ಆಪರೇಷನ್ ಆಸ್ಪತ್ರೆಯವರೇ ಬಿಟ್ಟಿಯಾಗಿ ಮಾಡಿಕೊಟ್ರು ಅಂದಿದ್ದೆನಲ್ಲ, ಹಾಗೇನಿಲ್ಲ. ಓಲೆ ಮಾರಿದೆ."

ಡಾಕ್ಟ್ರು ಅಮ್ಮನ ಬರಿದಾದ ಕಿವಿ ನೋಡಿದಳು. ಅಷ್ಟು ಸಲ ಊರಿಗೆ ಹೋಗಿ ಬಂದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಅಮ್ಮನಿಗೂ ಅಷ್ಟೇ. ಕೆಳಗೆ ಅಜ್ಜಿ ರೇಡಿಯೋದ ಸದ್ದು ಕಡಿಮೆ ಮಾಡಿ ಕಿವಿಗೊಟ್ಟರು. ಅಳುವೋ ನಗುವೋ ತೀರ್ಮಾನವಾಗದೆ, ಮತ್ತೆ ಜೋರು ಮಾಡಿದರು.

ಭತ್ಯೆ ಬೆಲೆಯ ಜೊತೆ ಏರಬೇಕು ಎಂದು ಸಾಹೇಬರು ಬರೆದ ವರದಿಯಿಂದ ಕೂಡಲೇ ಏನೂ ಆಗಲಿಲ್ಲ. ಆ ಮೇಜಿನಿಂದ ಈ ಮೇಜಿಗೆ ಹೋಯಿತು, ಒಂದೆರಡು ಸಲ ವಾಪಸ್ಸು ಬಂತು. ಲಾಯರು ಬೆನ್ನು ಬಿಡಲಿಲ್ಲ. ಪರೀಕ್ಷೆಯ ದಿನಗಳಲ್ಲೂ ಬೆಳಿಗ್ಗೆ ಇಲಾಖೆಗೊಂದು ಫೋನ್ ಮಾಡಿಯೇ ಓದಲು ಕೂರುತ್ತಿದ್ದಳು. ಕೊನೆಗೆ, ಡಾಕ್ಟ್ರು ಕಡೆಯ ವರ್ಷಕ್ಕೆ ಬಂದಾಗ, ಆದೇಶ ಹೊರಬಿತ್ತು. ಇನ್ನು ಮುಂದೆ ಪಿಂಚಣಿಗೆ ತುಟ್ಟಿಭತ್ಯೆ ಸೇರಿಸುವ ತಿಂಗಳಲ್ಲೇ ವಿದ್ಯಾರ್ಥಿಗಳ ಭತ್ಯೆಯನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸುವುದು. ಯಾರೂ ಕೇಳಬೇಕಾಗಿಲ್ಲ, ಯಾರ ಮನೆಗೂ ಊಟಕ್ಕೆ ಬಂದು ನೋಡಬೇಕಾಗಿಲ್ಲ. ಹಿಂದಿನ ವರ್ಷಗಳಲ್ಲಿ ಸವೆದು ಹೋದದ್ದಕ್ಕೆ ಪೂರ್ತಿ ಪರಿಹಾರ ಸಿಗಲಿಲ್ಲ. ಅರ್ಧದಷ್ಟು ಸಿಕ್ಕಿತು. ಲಾಯರು ಇನ್ನರ್ಧಕ್ಕೆ ಅರ್ಜಿ ಬರೆಯಲು ಕೂತಳು.

ಅಂಥ ದೊಡ್ಡ ಸಿರಿತನವೇನೂ ಬರಲಿಲ್ಲ. ಆದರೆ ಬೇಳೆ ತಿಂಗಳ ಕೊನೆಯ ತನಕ ಬಂತು. ಡಾಕ್ಟ್ರು ಬೆಳಿಗ್ಗೆ ಎರಡು ಮೊಟ್ಟೆ ತಿಂದು ಆಸ್ಪತ್ರೆಗೆ ಹೋಗತೊಡಗಿದಳು. ಮಧ್ಯಾಹ್ನ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದದ್ದು ನಿಂತಿತು. ಇಷ್ಟು ದಿನ ಅದನ್ನು ಸೆಖೆಯ ಲೆಕ್ಕಕ್ಕೆ ಹಾಕಿದ್ದಳು. ಅಮ್ಮನ ಫೋನ್ ಈಗಲೂ ಬರುತ್ತಿತ್ತು, ಆದರೆ ಏನಡುಗೆ ಎಂದು ಅಮ್ಮ ಕೇಳುವ ಮೊದಲೇ ಇವಳು ಕೇಳುತ್ತಿದ್ದಳು. ನಿಜ ಹೇಳಬೇಕು ಅನ್ನುವ ಒಪ್ಪಂದಕ್ಕೆ ಇಬ್ಬರೂ ಬದ್ಧರಾಗಿದ್ದರಿಂದ ಕೆಲವು ಸಲ ಜಗಳವೂ ಆಗುತ್ತಿತ್ತು.

ಅದೇ ವರ್ಷ ಲೆಕ್ಕಳಿಗೆ ಬೇರೆ ಕಡೆ ಸಂಶೋಧನೆಗೆ ಸೀಟು ಸಿಕ್ಕಿ ಅವಳ ಜಾಗ ಖಾಲಿಯಾಯಿತು. ಸಂಗೀತ ಓದುವ ಹುಡುಗಿಯೊಬ್ಬಳು ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಸಾಮಾನು ಇಳಿಸುವ ಮೊದಲೇ ಬಾಡಿಗೆ ಎಷ್ಟು, ಗ್ಯಾಸಿಗೆ ಎಷ್ಟು ಎಂದೆಲ್ಲ ವಿಚಾರಿಸಿಕೊಂಡು ಹುಬ್ಬು ಗಂಟಿಕ್ಕಿದಳು.

"ಇಷ್ಟು ಭತ್ಯೆಯಲ್ಲಿ ಹೇಗಕ್ಕ ಬದುಕೋದು? ಪಿಟೀಲಿನ ತಂತಿ ಎಷ್ಟಾಗಿದೆ ಗೊತ್ತಾ? ಈ ಬೆಲೆ ಏರಿಕೆ ಲೆಕ್ಕ ಹಾಕೋರು ತಂತಿಯ ಬೆಲೆ ಹಿಡಿದೇ ಇಲ್ಲ. ಇದರ ಬಗ್ಗೆ ಯಾರೂ ಏನೂ ಕೇಳಲ್ವಾ?"

ಡಾಕ್ಟ್ರಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ಕೆಳಗೆ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಊರಾಚೆಯ ಲಾಯದಲ್ಲಿ ಒಂದು ಕುದುರೆಗೆ ಈಗಷ್ಟೇ ಹೆರಿಗೆ ನೋವು ಶುರುವಾಗಿದೆ, ಮರಿ ಅಡ್ಡ ತಿರುಗಿದೆ ಎಂದು ಫೋನ್ ಬಂದಿತ್ತು.

"ಒಳ್ಳೆ ಪಾಯಿಂಟು. ಲಾಯರು ಸಂಜೆ ಬರ್ತಾಳೆ, ಅವಳ ಹತ್ರ ಹೇಳು" ಎಂದು ರಬ್ಬರ್ ಬೂಟು ಏರಿಸಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದಳು.